ದೇಶಗಳ ಮೇಲೊಬ್ಬ ಬ್ಯಾಂಕ್ ಕಾವಲುಗಾರ: ಹಾಲಿ ಸಿಕ್ಕಾದಿಂದ ಬಾಸೆಲ್‌ವರೆಗೆ ನಮ್ಮ ರೊಕ್ಕದ ಕಥೆ

ಶಹಾಬಜಾರದಲ್ಲಿ ಇವತ್ತು ಚಹಾದ ರೊಕ್ಕವನ್ನೂ ಫೋನಿನಲ್ಲೇ ಕೊಡುತ್ತೇವೆ. ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದ ಮಗ ಕಮಲಾಪುರದ ಮನೆಗೆ ಅದೇ ಫೋನಿನಲ್ಲಿ ರೊಕ್ಕ ಹಾಕುತ್ತಾನೆ. ಎಲ್ಲಾ ಕಡೆ ಒಂದೇ ರೂಪಾಯಿ, ಎಲ್ಲಾ ಬ್ಯಾಂಕುಗಳ ಮೇಲೆ ಒಂದೇ ರಿಸರ್ವ್ ಬ್ಯಾಂಕು. ಇದು ಮೊದಲಿನಿಂದಲೂ ಹೀಗೇ ಇತ್ತು ಎಂದು ನಮಗೆ ಅನಿಸುತ್ತದೆ. ಆದರೆ 1948ಕ್ಕೆ ಮೊದಲು ನಮ್ಮ ಭಾಗದಲ್ಲಿ ಹೀಗಿರಲಿಲ್ಲ. ಆಗ ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೋದರೆ ರೂಪಾಯಿಯೇ ಬದಲಾಗುತ್ತಿತ್ತು.

ರೊಕ್ಕ ಗಡಿ ದಾಟಿದಾಗ ಅದನ್ನು ಕಾಯುವವರು ಯಾರು? ಒಂದು ಸರ್ಕಾರದ ಕೈ ಅದರ ಗಡಿಯವರೆಗೆ ಮಾತ್ರ ಚಾಚುತ್ತದೆ. ಬ್ಯಾಂಕಿನ ವ್ಯವಹಾರ ಗಡಿಯ ಆಚೆಗೂ ಹೋಗುತ್ತದೆ. ಹಾಗಾದರೆ ದೇಶಗಳ ಮೇಲೆ ಕೂತು ಬ್ಯಾಂಕುಗಳನ್ನು ನೋಡಿಕೊಳ್ಳುವ ಒಬ್ಬ ಕಾವಲುಗಾರ ಬೇಕೇ? ಇದು ಯುರೋಪಿನ ದೊಡ್ಡ ಊರುಗಳ ಚರ್ಚೆ ಎಂದು ಬಿಟ್ಟುಬಿಡುವ ಹಾಗಿಲ್ಲ. ಈ ಪ್ರಶ್ನೆಯನ್ನು ನಮ್ಮ ಅಜ್ಜಂದಿರ ಕಾಲದ ಕಲಬುರಗಿ ಚೆನ್ನಾಗಿ ಕಂಡಿದೆ. ಅಲ್ಲಿಂದಲೇ ಶುರು ಮಾಡೋಣ.

ಎರಡು ರೂಪಾಯಿಯ ಕಾಲ

ನಿಜಾಮರ ಆಳ್ವಿಕೆಯಲ್ಲಿ ಗುಲ್ಬರ್ಗಾ ಒಂದು ಸುಭಾದ ಕೇಂದ್ರ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು. ಅದಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಹಾಲಿ ಅಂದರೆ ಈಗ ಚಾಲ್ತಿಯಲ್ಲಿರುವುದು. ಹಾಲಿ ಶಾಸಕ, ಹಾಲಿ ಅಧ್ಯಕ್ಷ ಎನ್ನುವಾಗ ನಾವು ಬಳಸುವುದೂ ಇದೇ ಹಾಲಿ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಇದಕ್ಕೆ ಉಸ್ಮಾನಿಯಾ ಸಿಕ್ಕಾ ಎಂದೂ ಹೆಸರಿತ್ತು. 1918ರಿಂದ ಸಂಸ್ಥಾನದ್ದೇ ಕಾಗದದ ನೋಟುಗಳೂ ಬಂದವು.

ಬ್ರಿಟಿಷರ ರೂಪಾಯಿಗೆ ಜನ ಕಲ್ದಾರ ಎನ್ನುತ್ತಿದ್ದರು. ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಮಾಡಿದ ರೂಪಾಯಿ ಎಂದು ಅದರ ಅರ್ಥ. ಎರಡರ ಬೆಲೆ ಒಂದೇ ಅಲ್ಲ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಇನ್ನೂ ಲೆಕ್ಕ ಹಾಕಿ ಹೇಳುವುದಾದರೆ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ರೈಲು ಹಳಿ ಗುಲ್ಬರ್ಗಾದಿಂದ ನೇರ ಸೊಲ್ಲಾಪುರಕ್ಕೆ ಹೋಗುತ್ತಿತ್ತು. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಊರು, ಅಲ್ಲಿ ನಡೆಯುವುದು ಕಲ್ದಾರ. 700 ಹಾಲಿ ಕಟ್ಟಿಕೊಂಡು ಹೋದವನ ಕೈಗೆ ಅಲ್ಲಿ 600 ಕಲ್ದಾರ ಬರುತ್ತಿತ್ತು. ನಡುವೆ ಬದಲಾಯಿಸಿ ಕೊಡುವವನು ತನ್ನ ಪಾಲು ಹಿಡಿದರೆ ಇನ್ನೂ ಕಡಿಮೆ.

ಕಾಯ್ದೆಯೂ ಹೀಗೆಯೇ ಎರಡಾಗಿತ್ತು. ರಿಸರ್ವ್ ಬ್ಯಾಂಕು ಹುಟ್ಟಿದ್ದು 1935ರ ಏಪ್ರಿಲ್ 1ರಂದು. ಅದರ ಕಾನೂನು ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದಲ್ಲಿ. ಹೈದರಾಬಾದ್ ಸಂಸ್ಥಾನ 1941ರಲ್ಲಿ ತನ್ನದೇ ಹೈದರಾಬಾದ್ ಸ್ಟೇಟ್ ಬ್ಯಾಂಕನ್ನು ಮಾಡಿಕೊಂಡಿತು. 1942ರ ಏಪ್ರಿಲ್ 5ರಂದು ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ ಅದರ ಬಾಗಿಲು ತೆರೆಯಿತು. ಹಾಲಿ ಸಿಕ್ಕಾದ ಉಸ್ತುವಾರಿ, ಸರ್ಕಾರದ ಸಾಲದ ಲೆಕ್ಕ, ಜನರ ಠೇವಣಿ, ಎಲ್ಲವೂ ಅದರ ಕೈಯಲ್ಲಿ. ಗುಲ್ಬರ್ಗಾದ ರೊಕ್ಕದ ಕಾವಲು ಹೈದರಾಬಾದಿನಲ್ಲಿ, ಸೊಲ್ಲಾಪುರದ ರೊಕ್ಕದ ಕಾವಲು ಮುಂಬಯಿಯಲ್ಲಿ.

ಒಂದೇ ಬ್ಯಾಂಕು, ಎರಡು ದೇಶ

ಇನ್ನೊಂದು ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಮ್ಮ ರಿಸರ್ವ್ ಬ್ಯಾಂಕೇ ಒಂದು ಕಾಲಕ್ಕೆ ಒಂದಕ್ಕಿಂತ ಹೆಚ್ಚು ದೇಶಗಳ ಬ್ಯಾಂಕಾಗಿತ್ತು.

1937ರಲ್ಲಿ ಬರ್ಮಾ ಭಾರತದಿಂದ ಬೇರೆಯಾಯಿತು. ಆದರೂ ಅಲ್ಲಿನ ನೋಟು ಮತ್ತು ಸರ್ಕಾರದ ಖಾತೆ ನೋಡಿಕೊಂಡದ್ದು ರಿಸರ್ವ್ ಬ್ಯಾಂಕೇ. ಜಪಾನಿನ ಸೇನೆ ಬರ್ಮಾ ಹಿಡಿದಿದ್ದ ವರ್ಷಗಳನ್ನು ಬಿಟ್ಟರೆ 1947ರ ಏಪ್ರಿಲ್‌ವರೆಗೂ ಈ ಏರ್ಪಾಡು ನಡೆಯಿತು.

ಆಮೇಲೆ ಬಂದದ್ದು ಪಾಕಿಸ್ತಾನ. 1947ರ ಆಗಸ್ಟಿನಲ್ಲಿ ದೇಶ ಎರಡಾದಾಗ ಸೈನ್ಯ, ರೈಲು, ಕಚೇರಿಯ ಮೇಜು ಕುರ್ಚಿಗಳೂ ಪಾಲಾದವು. ರಿಸರ್ವ್ ಬ್ಯಾಂಕನ್ನು ಮಾತ್ರ ಕೂಡಲೇ ಪಾಲು ಮಾಡಲಿಲ್ಲ. 1948ರ ಸೆಪ್ಟೆಂಬರ್ 30ರವರೆಗೆ ಅದು ಎರಡೂ ದೇಶಗಳ ಬ್ಯಾಂಕಾಗಿ ಇರಲಿ ಎಂದು ಒಪ್ಪಂದವಾಯಿತು. ಹೊಸ ದೇಶಕ್ಕೆ ಒಂದು ವರ್ಷದಷ್ಟು ಹೊತ್ತು ಸಿಗಲಿ ಎಂಬುದು ಲೆಕ್ಕಾಚಾರ. ಬ್ಯಾಂಕಿನ ಗವರ್ನರ್ ಆಗಿದ್ದವರು ಸಿ. ಡಿ. ದೇಶಮುಖ್, ಆ ಹುದ್ದೆಗೆ ಬಂದ ಮೊದಲ ಭಾರತೀಯರು.

ಲೆಕ್ಕಾಚಾರ ಕೆಟ್ಟದ್ದು ಕಾಶ್ಮೀರದಲ್ಲಿ. ಅವಿಭಜಿತ ದೇಶದ ಖಜಾನೆಯಲ್ಲಿ ಪಾಕಿಸ್ತಾನದ ಪಾಲು 75 ಕೋಟಿ ಎಂದು ಮಾತಾಗಿತ್ತು. 20 ಕೋಟಿ ಮೊದಲೇ ಸಂದಿತ್ತು, 55 ಕೋಟಿ ಬಾಕಿ. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿರುವಾಗ ಈ ಬಾಕಿ ಕೊಡುವುದಿಲ್ಲ ಎಂದು ಭಾರತ ಸರ್ಕಾರ ತಡೆಹಿಡಿಯಿತು. ಭಾರತ ಸರ್ಕಾರ ರಿಸರ್ವ್ ಬ್ಯಾಂಕಿನ ಕೆಲಸದಲ್ಲಿ ಕೈ ಹಾಕುತ್ತಿದೆ ಎಂದು ಪಾಕಿಸ್ತಾನ ದೂರಿತು. 1948ರ ಜನವರಿ 13ರಂದು ಗಾಂಧೀಜಿ ದೆಹಲಿಯಲ್ಲಿ ಉಪವಾಸ ಕೂತರು. 15ರಂದು ರೊಕ್ಕ ಬಿಡುಗಡೆ ಮಾಡುವುದಾಗಿ ಸರ್ಕಾರ ಪ್ರಕಟಿಸಿತು.

ಅಷ್ಟೊತ್ತಿಗೆ ನಂಬಿಕೆ ಹರಿದುಹೋಗಿತ್ತು. ಜಂಟಿ ಏರ್ಪಾಡನ್ನು ಮೂರು ತಿಂಗಳು ಮೊದಲೇ ಮುಗಿಸಿದರು. 1948ರ ಜುಲೈ 1ರಂದು ಪಾಕಿಸ್ತಾನದ್ದೇ ಸ್ಟೇಟ್ ಬ್ಯಾಂಕು ಶುರುವಾಯಿತು.

ಇದರಿಂದ ಒಂದು ಮಾತು ಗೊತ್ತಾಗುತ್ತದೆ. ಎರಡು ಮನೆಗೆ ಒಬ್ಬನೇ ಕಾವಲುಗಾರ ಇರಬಹುದು. ಆದರೆ ಮನೆಯವರು ಜಗಳಕ್ಕೆ ನಿಂತ ದಿನ, ಆತ ಯಾವ ಮನೆಯ ಅಂಗಳದಲ್ಲಿ ಮಲಗುತ್ತಾನೋ ಆ ಮನೆಯ ಮಾತೇ ಮೇಲಾಗುತ್ತದೆ. ರಿಸರ್ವ್ ಬ್ಯಾಂಕಿನ ಕಚೇರಿ ಇದ್ದದ್ದು ಮುಂಬಯಿಯಲ್ಲಿ.

ಅದೇ ವರ್ಷ ನಮ್ಮಲ್ಲಿ

ಆಗ ಹೈದರಾಬಾದ್ ಭಾರತಕ್ಕೂ ಸೇರಿರಲಿಲ್ಲ, ಪಾಕಿಸ್ತಾನಕ್ಕೂ ಸೇರಿರಲಿಲ್ಲ. 1947ರ ನವೆಂಬರ್ 29ರಂದು ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ಅದರ ಬೆನ್ನಿಗೇ ನಿಜಾಮ್ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದರಲ್ಲಿ ಚಿನ್ನ ಬೆಳ್ಳಿಯನ್ನು ಸಂಸ್ಥಾನದಿಂದ ಹೊರಗೆ ಸಾಗಿಸಲು ತಡೆ. ಇನ್ನೊಂದರಲ್ಲಿ ಭಾರತದ ರೂಪಾಯಿ ಇನ್ನು ಸಂಸ್ಥಾನದಲ್ಲಿ ಕಾನೂನುಬದ್ಧ ಹಣವಲ್ಲ ಎಂಬ ಘೋಷಣೆ. ಇದರ ಜೊತೆಗೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ. ಅದನ್ನು ಕೊಟ್ಟದ್ದು ಭಾರತ ಸರ್ಕಾರದ್ದೇ ಸಾಲಪತ್ರಗಳ ರೂಪದಲ್ಲಿ.

ಒಂದು ಸರ್ಕಾರದ ಸಾಲಪತ್ರ, ಅದನ್ನು ಇಟ್ಟುಕೊಂಡದ್ದು ಇನ್ನೊಂದು ಸರ್ಕಾರ, ಅದು ಹೋದದ್ದು ಮೂರನೆಯ ಸರ್ಕಾರಕ್ಕೆ. ಮೂರೂ ಒಪ್ಪುವ ಪಂಚ ಯಾರೂ ಇರಲಿಲ್ಲ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಹಳ್ಳಿಯ ಜನರಿಗೆ ಜೀವದ ಚಿಂತೆ ದೊಡ್ಡದಾಗಿತ್ತು. ಅದರ ನಡುವೆಯೇ ಕಲ್ದಾರದಲ್ಲಿ ವ್ಯಾಪಾರ ಮಾಡುವುದು ಸಂಸ್ಥಾನದೊಳಗೆ ಕಾನೂನಿಗೆ ವಿರುದ್ಧವಾಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು. 17ರಂದು ನಿಜಾಮರು ಶರಣಾದರು. ಆ ದಿನವನ್ನೇ ನಾವು ಇವತ್ತು ಕಲ್ಯಾಣ ಕರ್ನಾಟಕ ಉತ್ಸವ ಎಂದು ಆಚರಿಸುತ್ತೇವೆ. ಅದಾದ ಮೂರೇ ದಿನಕ್ಕೆ, ಸೆಪ್ಟೆಂಬರ್ 20ರಂದು, ಲಂಡನ್ನಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ಹೈದರಾಬಾದ್ ಸರ್ಕಾರದ ಖಾತೆಯಿಂದ ಹತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚು ಪೌಂಡುಗಳು ಲಂಡನ್ನಿನ ಪಾಕಿಸ್ತಾನಿ ಹೈಕಮಿಷನರ್ ಹೆಸರಿನ ಖಾತೆಗೆ ಹೋದವು. ಕೆಲವೇ ದಿನಗಳಲ್ಲಿ ನಿಜಾಮರು ಅದನ್ನು ವಾಪಸು ಕೊಡಿ ಎಂದು ಬ್ಯಾಂಕಿಗೆ ಕೇಳಿದರು. ಬ್ಯಾಂಕು ಕೊಡಲಿಲ್ಲ.

ಕೇಸು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಬೇರೊಂದು ಸ್ವತಂತ್ರ ದೇಶದ ಮೇಲೆ ನಮ್ಮ ಕೋರ್ಟು ವಿಚಾರಣೆ ನಡೆಸುವಂತಿಲ್ಲ ಎಂದು 1957ರಲ್ಲಿ ಅದು ಅಲ್ಲಿಗೇ ನಿಂತಿತು. ರೊಕ್ಕ ಯಾರಿಗೂ ಸಿಗದೆ ಬ್ಯಾಂಕಿನಲ್ಲೇ ಬೆಳೆಯಿತು. ಕೊನೆಗೆ 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ಭಾರತ ಮತ್ತು ನಿಜಾಮರ ವಂಶಸ್ಥರ ಪರವಾಗಿ ತೀರ್ಪು ಕೊಟ್ಟಿತು. ಹತ್ತು ಲಕ್ಷ ಪೌಂಡು ಆಗ ಸುಮಾರು ಮೂರೂವರೆ ಕೋಟಿ ಪೌಂಡು ಆಗಿತ್ತು. ತೀರ್ಪಿಗೆ ಹಿಡಿದದ್ದು 71 ವರ್ಷ.

ಆ ಖಾತೆಯಲ್ಲಿದ್ದದ್ದು ಸಂಸ್ಥಾನದ ಬೊಕ್ಕಸದ ರೊಕ್ಕ. ಬೊಕ್ಕಸ ತುಂಬುತ್ತಿದ್ದುದು ಗುಲ್ಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳ ಕಂದಾಯವೂ ಸೇರಿ. ಗಡಿ ದಾಟಿದ ರೊಕ್ಕಕ್ಕೆ ಮೇಲೊಬ್ಬ ಯಜಮಾನ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಕಾಣುವುದಿಲ್ಲ.

ಕಾವಲು ಹೈದರಾಬಾದಿನಿಂದ ಮುಂಬಯಿಗೆ

1949ರಲ್ಲಿ ಭಾರತದ ಬ್ಯಾಂಕಿಂಗ್ ಕಂಪನಿಗಳ ಕಾಯ್ದೆ ಬಂತು. ಸಂವಿಧಾನ ಜಾರಿಯಾದ ಮೇಲೆ ನಮ್ಮ ಭಾಗವೂ ಅದರೊಳಗೆ ಸೇರಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಹಂತಹಂತವಾಗಿ ಹೋಗಿ, 1959ರ ಹೊತ್ತಿಗೆ ಪೂರ್ತಿ ನಿಂತಿತು.

ಈ ನಡುವೆ ಎ. ಡಿ. ಗೋರ್ವಾಲಾ ಅಧ್ಯಕ್ಷತೆಯ ಸಮಿತಿ ಇಡೀ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ನಡೆಸಿತು. 1951–52ರ ಲೆಕ್ಕ ಅದು. ರೈತ ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳದ್ದು 3 ರೂಪಾಯಿ ಚಿಲ್ಲರೆ, ಬ್ಯಾಂಕುಗಳದ್ದು ಒಂದು ರೂಪಾಯಿಗೂ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾವುಕಾರರದು. ಪಟ್ಟಣದಲ್ಲಿ ಕೂತ ಬ್ಯಾಂಕುಗಳನ್ನು ಸರ್ಕಾರದ ಕೈಗೆ ತಂದು ಹಳ್ಳಿಯ ಕಡೆ ತಿರುಗಿಸಬೇಕು ಎಂದು ಸಮಿತಿ ಹೇಳಿತು. ಇದರಿಂದಲೇ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಹುಟ್ಟಿತು.

1956ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕನ್ನು ರಿಸರ್ವ್ ಬ್ಯಾಂಕು ತನ್ನ ಕೈಗೆ ತೆಗೆದುಕೊಂಡಿತು. ಹೆಸರು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ನಮ್ಮವರ ಬಾಯಲ್ಲಿ ಎಸ್‌ಬಿಎಚ್. ಅದೇ ವರ್ಷದ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಮೂರು ಪಾಲಾಗಿ ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದರೂ ಬ್ಯಾಂಕು ಬದಲಾಗಲಿಲ್ಲ. ಅದರ ಕಾವಲು ಆಗಲೇ ರಾಜ್ಯಗಳ ಮೇಲಕ್ಕೆ ಹೋಗಿತ್ತು. 1959ರಲ್ಲಿ ಎಸ್‌ಬಿಎಚ್ ಎಸ್‌ಬಿಐನ ಅಂಗಸಂಸ್ಥೆಯಾಯಿತು. 2017ರ ಏಪ್ರಿಲ್ 1ರಂದು ಅದರಲ್ಲೇ ಕರಗಿತು.

ಮೇಲೆ ಕಾವಲುಗಾರ ಬಂದ ಮಾತ್ರಕ್ಕೆ ಬ್ಯಾಂಕು ಮುಳುಗುವುದು ನಿಲ್ಲಲಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಬಿತ್ತು. ಠೇವಣಿದಾರರ ಗೋಳು ಕೇಳಿದ ಮೇಲೆ 1962ರಲ್ಲಿ ಠೇವಣಿ ವಿಮೆ ಬಂತು. ಆಗ ಅದರ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಿಂದ 5 ಲಕ್ಷ.

ಜರ್ಮನಿಯಲ್ಲಿ ಬಿದ್ದ ಬ್ಯಾಂಕು

ಇಷ್ಟರಿಂದ ದೇಶದೊಳಗಿನ ಗಡಿಗಳ ತಾಪತ್ರಯ ಮುಗಿಯಿತು. ದೇಶಗಳ ನಡುವಿನದು ಹಾಗೇ ಉಳಿಯಿತು.

1974ರ ಜೂನ್ 26. ಜರ್ಮನಿಯ ಕಲೋನ್ ನಗರದ ಹೆರ್‌ಸ್ಟಾಟ್ ಎಂಬ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಸಂಜೆ ಮುಚ್ಚಿಸಿದರು. ಆ ದಿನ ಬೇರೆ ಬ್ಯಾಂಕುಗಳು ಅದಕ್ಕೆ ಜರ್ಮನಿಯ ಮಾರ್ಕ್ ಕೊಟ್ಟು ಆಗಿತ್ತು. ಅದಕ್ಕೆ ಬದಲಾಗಿ ನ್ಯೂಯಾರ್ಕಿನಲ್ಲಿ ಡಾಲರ್ ಬರಬೇಕು. ಜರ್ಮನಿಯಲ್ಲಿ ಸಂಜೆ ಆದಾಗ ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗಿನ ಹೊತ್ತು. ಡಾಲರ್ ಬರಲೇ ಇಲ್ಲ. ತೊಗರಿ ಚೀಲ ಲಾರಿಗೆ ಏರಿಸಿದ ಮೇಲೆ ಖರೀದಿದಾರ ಅಂಗಡಿಗೆ ಬೀಗ ಹಾಕಿಕೊಂಡು ಹೋದ ಹಾಗೆ.

ಹತ್ತು ಶ್ರೀಮಂತ ದೇಶಗಳ ಗುಂಪಿನ ಕೇಂದ್ರ ಬ್ಯಾಂಕುಗಳ ಗವರ್ನರುಗಳು ಆ ವರ್ಷದ ಕೊನೆಗೆ ಒಂದು ಸಮಿತಿ ಮಾಡಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1930ರಿಂದ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಎಂಬುದಿದೆ, ಅದನ್ನು ಕೇಂದ್ರ ಬ್ಯಾಂಕುಗಳ ಬ್ಯಾಂಕು ಎನ್ನುತ್ತಾರೆ. ಸಮಿತಿ ಅಲ್ಲೇ ಕೂರುತ್ತದೆ. ಹಾಗಾಗಿ ಅದರ ಹೆಸರು ಬಾಸೆಲ್ ಸಮಿತಿ.

ಸಮಿತಿ ಬಂದ ಮೇಲೂ ದೊಡ್ಡ ಪೆಟ್ಟು ತಪ್ಪಲಿಲ್ಲ. ಬಿಸಿಸಿಐ ಎಂಬ ಬ್ಯಾಂಕು, ಅಂದರೆ ಬ್ಯಾಂಕ್ ಆಫ್ ಕ್ರೆಡಿಟ್ ಆಂಡ್ ಕಾಮರ್ಸ್ ಇಂಟರ್‌ನ್ಯಾಷನಲ್, ಲಕ್ಸೆಂಬರ್ಗಿನಲ್ಲಿ ನೋಂದಣಿಯಾಗಿತ್ತು. ಅದರ ವ್ಯವಹಾರದ ಕೇಂದ್ರ ಲಂಡನ್, ಶಾಖೆಗಳು ಹತ್ತಾರು ದೇಶಗಳಲ್ಲಿ. ಪ್ರತಿ ದೇಶದ ಅಧಿಕಾರಿಯೂ ತನ್ನ ಗಡಿಯೊಳಗಿನ ತುಂಡನ್ನಷ್ಟೇ ನೋಡುತ್ತಿದ್ದ. ಇಡೀ ಬ್ಯಾಂಕಿನ ಲೆಕ್ಕ ಒಬ್ಬನ ಕಣ್ಣಿಗೂ ಬೀಳದಂತೆ ಅದನ್ನು ಕಟ್ಟಿದ್ದರು. 1991ರ ಜುಲೈ 5ರಂದು ಹಲವು ದೇಶಗಳು ಸೇರಿ ಮುಚ್ಚಿಸಿದಾಗ ಒಳಗಿನ ಮೋಸ ಹೊರಬಿತ್ತು. ಅದರ ಮುಂಬಯಿ ಶಾಖೆಯನ್ನು ಮುಂದೆ ಎಸ್‌ಬಿಐ ವಹಿಸಿಕೊಂಡಿತು. ಬಹುದೇಶದ ಬ್ಯಾಂಕಿನ ಪೂರ್ತಿ ಲೆಕ್ಕವನ್ನು ಅದರ ತವರು ದೇಶ ನೋಡಲೇಬೇಕು ಎಂಬ ನಿಯಮ 1992ರಲ್ಲಿ ಗಟ್ಟಿಯಾಯಿತು.

ನೂರಕ್ಕೆ ಎಂಟರ ಲೆಕ್ಕ

ಬಾಸೆಲ್ ಸಮಿತಿ 1988ರಲ್ಲಿ ಒಂದು ಸರಳ ನಿಯಮ ಮಾಡಿತು. ಬ್ಯಾಂಕು ಕೊಟ್ಟ ಸಾಲದ ಅಪಾಯವನ್ನು ತೂಗಿ, ಅದರ ಪ್ರತಿ 100 ರೂಪಾಯಿಗೆ ಕನಿಷ್ಠ 8 ರೂಪಾಯಿ ಬ್ಯಾಂಕಿನ ಸ್ವಂತ ಬಂಡವಾಳ ಇರಬೇಕು.

ಇದನ್ನು ಗಂಜಿನ ಭಾಷೆಯಲ್ಲಿ ಹೇಳೋಣ. ಒಬ್ಬ ಅಡತಿಯವರು ತಮ್ಮ 8 ರೂಪಾಯಿ, ಊರವರು ನಂಬಿ ಇಟ್ಟ 92 ರೂಪಾಯಿ ಸೇರಿಸಿ 100 ರೂಪಾಯಿ ಸಾಲ ಹಂಚಿದ್ದಾರೆ. ಅದರಲ್ಲಿ 5 ರೂಪಾಯಿ ಮುಳುಗಿತು. ಅವರ 8ರಲ್ಲಿ 5 ಹೋಗುತ್ತದೆ, ಊರವರ 92 ಹಾಗೇ ಉಳಿಯುತ್ತದೆ. ಅವರದು 2 ರೂಪಾಯಿ ಮಾತ್ರ ಇದ್ದಿದ್ದರೆ? ಊರವರ 3 ರೂಪಾಯಿ ಹೋಗುತ್ತಿತ್ತು. ಮೊದಲ ಪೆಟ್ಟು ಅಂಗಡಿಯವರ ಮೇಲೆ ಬೀಳಲಿ, ರೊಕ್ಕ ಇಟ್ಟವರ ಮೇಲೆ ಬೇಡ. ನಿಯಮದ ತಿರುಳು ಇಷ್ಟೇ.

ಭಾರತ ಆಗ ಆ ಸಮಿತಿಯಲ್ಲಿ ಇರಲಿಲ್ಲ. ಆದರೂ ಎಂ. ನರಸಿಂಹಂ ಸಮಿತಿ 1991ರಲ್ಲಿ ಹೇಳಿದಂತೆ ರಿಸರ್ವ್ ಬ್ಯಾಂಕು 1992ರಲ್ಲಿ ಈ ನಿಯಮ ತಂದಿತು. 2000ದ ಮಾರ್ಚ್ ಹೊತ್ತಿಗೆ 8ನ್ನು 9ಕ್ಕೆ ಏರಿಸಿತು. ಬಾಸೆಲ್ ಸಮಿತಿಯ ಕುರ್ಚಿ ಭಾರತಕ್ಕೆ ಸಿಕ್ಕಿದ್ದು 2009ರಲ್ಲಿ, ಅಮೆರಿಕದ ಬ್ಯಾಂಕುಗಳು ಬಿದ್ದು ಜಗತ್ತೇ ನಡುಗಿದ ಮೇಲೆ. ಅಂದರೆ ಹದಿನೇಳು ವರ್ಷ ನಾವು ಬೇರೆಯವರ ಮೇಜಿನಲ್ಲಿ ಬರೆದ ನಿಯಮ ಪಾಲಿಸಿದೆವು. ಆಮೇಲೆ ಬಂದ ಮೂರನೆಯ ಬಾಸೆಲ್ ನಿಯಮಗಳು ಭಾರತದಲ್ಲಿ 2013ರ ಏಪ್ರಿಲ್‌ನಿಂದ ಜಾರಿಗೆ ಬಂದವು. ಕಷ್ಟಕಾಲಕ್ಕೆಂದು ಎರಡೂವರೆ ರೂಪಾಯಿ ಹೆಚ್ಚಿಗೆ ಇಡಬೇಕಾದ್ದರಿಂದ 9 ಈಗ ಹನ್ನೊಂದೂವರೆ ಆಗಿದೆ.

ಯಜಮಾನ ಅಲ್ಲ, ಕಟ್ಟೆಯ ಹಿರಿಯ

ಹಾಗಾದರೆ ಬಾಸೆಲ್ ಸಮಿತಿಯೇ ದೇಶಗಳ ಮೇಲಿನ ಕಾವಲುಗಾರನೇ? ಕಾನೂನಿನ ಲೆಕ್ಕದಲ್ಲಿ ಅಲ್ಲ. ಅದಕ್ಕೆ ದಂಡ ಹಾಕುವ ಅಧಿಕಾರ ಇಲ್ಲ, ಬ್ಯಾಂಕಿನ ಬಾಗಿಲು ಮುಚ್ಚಿಸುವ ಅಧಿಕಾರ ಇಲ್ಲ. ಈಗ ಅದರಲ್ಲಿ 28 ಕಡೆಯ 45 ಸಂಸ್ಥೆಗಳಿವೆ. ಅವರು ಸೇರಿ ಒಪ್ಪುತ್ತಾರೆ, ಊರಿಗೆ ಹೋಗಿ ತಮ್ಮ ತಮ್ಮ ಕಾನೂನಿನಲ್ಲಿ ಜಾರಿ ಮಾಡುತ್ತಾರೆ. ಊರ ಕಟ್ಟೆಯ ಹಿರಿಯರ ಮಾತಿನ ಹಾಗೆ ಇದು. ಪೊಲೀಸ್ ಬಲ ಇಲ್ಲ, ಆದರೆ ಮೀರಿದವನ ಜೊತೆ ನಾಳೆ ವ್ಯವಹಾರಕ್ಕೆ ಜನ ಹಿಂದೆಮುಂದೆ ನೋಡುತ್ತಾರೆ.

ನಿಜವಾದ ಅಧಿಕಾರ ಇರುವ ಕಾವಲುಗಾರ ಯುರೋಪಿನಲ್ಲಿದ್ದಾನೆ. 2014ರ ನವೆಂಬರ್ 4ರಿಂದ ಯೂರೋ ಬಳಸುವ ದೇಶಗಳ ದೊಡ್ಡ ಬ್ಯಾಂಕುಗಳನ್ನು ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕು ನೇರವಾಗಿ ನೋಡಿಕೊಳ್ಳುತ್ತದೆ. ಪರವಾನಗಿ ಕೊಡುವುದೂ ಕಿತ್ತುಕೊಳ್ಳುವುದೂ ಅದರ ಕೈಯಲ್ಲಿ. 1947ರಲ್ಲಿ ಭಾರತ–ಪಾಕಿಸ್ತಾನಗಳ ನಡುವೆ ಒಂದು ವರ್ಷವೂ ಬಾಳದ ಏರ್ಪಾಡು ಅಲ್ಲಿ ನಡೆಯುತ್ತಿದೆ. ಆ ದೇಶಗಳಿಗೆ ಒಂದೇ ನಾಣ್ಯ ಇದೆ, ತಕರಾರು ಬಂದರೆ ಎಲ್ಲರೂ ಒಪ್ಪುವ ಒಂದು ಕೋರ್ಟಿದೆ. ನಮ್ಮ 55 ಕೋಟಿಯ ಜಗಳಕ್ಕೆ ಇವೆರಡರಲ್ಲಿ ಕೋರ್ಟು ಇರಲಿಲ್ಲ, ನಾಣ್ಯವೂ ಬೇರೆಯಾಗುವ ಹಾದಿಯಲ್ಲಿತ್ತು.

ಆದರೆ ಇಂಥ ಕಾವಲುಗಾರ ತನ್ನ ಬೇಲಿ ದಾಟಿ ಬಂದರೆ? ಯುರೋಪಿನ ಷೇರು ಮತ್ತು ಮಾರುಕಟ್ಟೆ ಪ್ರಾಧಿಕಾರ ಇಂಥದ್ದೇ ಒಂದು ಕೇಳಿಕೆ ಇಟ್ಟಿತು. ಮುಂಬಯಿಯ ಕ್ಲಿಯರಿಂಗ್ ಕಾರ್ಪೊರೇಷನ್, ಅಂದರೆ ಬ್ಯಾಂಕುಗಳ ನಡುವಿನ ವ್ಯವಹಾರ ಚುಕ್ತಾ ಮಾಡುವ ಸಂಸ್ಥೆಯ ಮೇಲೆ ತನಗೂ ನಿಗಾ ಇಡುವ ಅವಕಾಶ ಬೇಕು ಎಂದಿತು. ರಿಸರ್ವ್ ಬ್ಯಾಂಕು ಒಪ್ಪಲಿಲ್ಲ. ನಮ್ಮ ಸಂಸ್ಥೆಯನ್ನು ನೋಡಿಕೊಳ್ಳಲು ನಾವಿದ್ದೇವೆ ಎಂಬುದು ಅದರ ನಿಲುವು. 2022ರ ಅಕ್ಟೋಬರಿನಲ್ಲಿ ಯುರೋಪ್ ಭಾರತದ ಆರು ಇಂಥ ಸಂಸ್ಥೆಗಳ ಮಾನ್ಯತೆ ತೆಗೆಯುವುದಾಗಿ ಪ್ರಕಟಿಸಿತು. ಬೇರೆಯವರ ನಿಯಮವನ್ನು ನಾವೇ ಒಪ್ಪಿ ತರುವುದು ಒಂದು. ಬೇರೆಯವರು ಬಂದು ನಮ್ಮ ಲೆಕ್ಕದ ಪುಸ್ತಕ ತೆರೆಯುವುದು ಇನ್ನೊಂದು. ರಿಸರ್ವ್ ಬ್ಯಾಂಕು ಗೆರೆ ಎಳೆದದ್ದು ಇವೆರಡರ ನಡುವೆ.

ಬಾಸೆಲ್‌ನ ತಕ್ಕಡಿಯಲ್ಲಿ ನಮ್ಮ ಹೊಲ

ಈಗ ನಮ್ಮ ಊರಿಗೆ ಬರೋಣ. 1978ರಲ್ಲಿ ಗುಲ್ಬರ್ಗಾವನ್ನೇ ಕೇಂದ್ರ ಮಾಡಿಕೊಂಡು ಕೃಷ್ಣಾ ಗ್ರಾಮೀಣ ಬ್ಯಾಂಕು ಶುರುವಾಯಿತು. ಸಣ್ಣ ರೈತರಿಗೆ, ಕೂಲಿಯವರಿಗೆ, ಕಸುಬುದಾರರಿಗೆ ಸಾಲ ಕೊಡಲೆಂದೇ ಮಾಡಿದ ಬ್ಯಾಂಕು. 2010ರಲ್ಲಿ ಕೆ. ಸಿ. ಚಕ್ರವರ್ತಿ ಸಮಿತಿ, ಗ್ರಾಮೀಣ ಬ್ಯಾಂಕುಗಳಿಗೂ ನೂರಕ್ಕೆ 9ರ ಬಂಡವಾಳ ಇರಬೇಕು ಎಂದಿತು. ರೈನ್ ನದಿಯ ದಂಡೆಯಲ್ಲಿ ಹುಟ್ಟಿದ ಲೆಕ್ಕ ಭೀಮಾ ನದಿಯ ದಂಡೆಯ ಬ್ಯಾಂಕಿಗೂ ಬಂತು.

ಬ್ಯಾಂಕು ಗಟ್ಟಿಯಾಗಲಿ ಎಂದು ವಿಲೀನಗಳೂ ನಡೆದವು. 2013ರಲ್ಲಿ ಕೃಷ್ಣಾ ಬ್ಯಾಂಕು ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕು ಆಗಿ ಕೇಂದ್ರ ಬಳ್ಳಾರಿಗೆ ಹೋಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು. ರೊಕ್ಕ ಇಟ್ಟವರಿಗೆ ಇದು ಒಳ್ಳೆಯದೇ. ದೊಡ್ಡ ಬ್ಯಾಂಕಿಗೆ ಒಂದು ಜಿಲ್ಲೆಯ ಬರದ ಪೆಟ್ಟು ತಡೆಯುವ ಶಕ್ತಿ ಇರುತ್ತದೆ. ಆದರೆ ಸಾಲದ ಅರ್ಜಿ ನೋಡುವವರು ನಮ್ಮಿಂದ ದೂರ ಹೋದರು.

ತಕ್ಕಡಿಯ ಮಾತು ಇನ್ನೂ ಮುಖ್ಯ. 1988ರ ಬಾಸೆಲ್ ನಿಯಮದಲ್ಲಿ ತನ್ನ ಸರ್ಕಾರಕ್ಕೆ ಕೊಟ್ಟ ಸಾಲಕ್ಕೆ ಅಪಾಯ ಸೊನ್ನೆ ಎಂದು ಲೆಕ್ಕ, ಬಂಡವಾಳ ಬೇಕಿಲ್ಲ. ಮನೆ ಅಡವಿಟ್ಟ ಸಾಲಕ್ಕೆ ಅರ್ಧ ತೂಕ, 100ಕ್ಕೆ 4 ರೂಪಾಯಿ. ಖಾಸಗಿ ವ್ಯವಹಾರದ ಸಾಲಕ್ಕೆ ಪೂರ್ತಿ ತೂಕ, 8 ರೂಪಾಯಿ. ಮ್ಯಾನೇಜರ್ ಜಾಗದಲ್ಲಿ ನೀವು ಕೂತು ಯೋಚಿಸಿ. ಸರ್ಕಾರದ ಸಾಲಪತ್ರ ಕೊಂಡರೆ ತಲೆನೋವಿಲ್ಲ. ಮಳೆ ನಂಬಿದ ತೊಗರಿ ಹೊಲಕ್ಕೆ, ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಕೊಟ್ಟರೆ ಸ್ವಂತ ಬಂಡವಾಳ ಕಟ್ಟಿಡಬೇಕು. ಆ ಮೇಲೆ ನಿಯಮಗಳು ತುಂಬಾ ಬದಲಾಗಿವೆ, ಸಣ್ಣ ಸಾಲಗಳಿಗೆ ತೂಕ ಇಳಿದಿದೆ. ಆದರೂ ಬಾಸೆಲ್ ಕೇಳುವ ಪ್ರಶ್ನೆ ಒಂದೇ: ಬ್ಯಾಂಕು ಮುಳುಗದೆ ಇರುತ್ತದೆಯೇ? ರೈತನಿಗೆ ಸಾಲ ಸಿಕ್ಕಿತೇ ಎಂದು ಅದು ಕೇಳುವುದಿಲ್ಲ. ಅದು ಆ ಸಮಿತಿಯ ಕೆಲಸವೂ ಅಲ್ಲ.

ಆ ಎರಡನೆಯ ಪ್ರಶ್ನೆ ಕೇಳಿದ್ದು ನಮ್ಮದೇ ನಿಯಮ. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 40 ಪಾಲನ್ನು ಆದ್ಯತಾ ವಲಯಕ್ಕೆ, ಅದರಲ್ಲಿ 18 ಪಾಲನ್ನು ಕೃಷಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಇದು ಬಾಸೆಲ್‌ನಿಂದ ಬಂದದ್ದಲ್ಲ. ಗೋರ್ವಾಲಾ ಸಮಿತಿಯ ಆ ಒಂದು ರೂಪಾಯಿಗೂ ಕಡಿಮೆ ಎಂಬ ಲೆಕ್ಕದ ನೆನಪಿನಿಂದ ಬೆಳೆದು ಬಂದದ್ದು. ಎರಡೂ ಬೇಕು. ಬ್ಯಾಂಕು ಮುಳುಗಿದರೆ ಸಾಲವೂ ಇಲ್ಲ, ಠೇವಣಿಯೂ ಇಲ್ಲ. ಬ್ಯಾಂಕು ಗಟ್ಟಿಯಾಗಿ ನಿಂತು ನಮಗೆ ಬಾಗಿಲು ತೆರೆಯದಿದ್ದರೆ ಮತ್ತೆ ಸಾವುಕಾರರೇ ಗತಿ.

ಎಲ್ಲಿ, ಏನು ಕೇಳಬೇಕು

ಈ ಇತಿಹಾಸದಿಂದ ನಾವು ಕೈಯಲ್ಲಿ ಹಿಡಿಯಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ಈ ಕಾವಲಿನ ಏಣಿ ಎಲ್ಲರಿಗೂ ಇಲ್ಲ. ನಮ್ಮ ಪೇಟೆಗಳಲ್ಲಿ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ ಎಂಬ ಬೋರ್ಡುಗಳು ಬಹಳ. ಎಷ್ಟೋ ಸಂಘಗಳು ಪ್ರಾಮಾಣಿಕವಾಗಿ ನಡೆಯುತ್ತವೆ. ಆದರೆ ಅವು ಬ್ಯಾಂಕುಗಳಲ್ಲ, ಅವುಗಳ ಮೇಲೆ ರಿಸರ್ವ್ ಬ್ಯಾಂಕಿನ ಕಾವಲಿಲ್ಲ, 5 ಲಕ್ಷದ ಠೇವಣಿ ವಿಮೆಯೂ ಇಲ್ಲ. ಬಡ್ಡಿ ಒಂದೆರಡು ರೂಪಾಯಿ ಹೆಚ್ಚು ಎಂದು ರೊಕ್ಕ ಇಡುವ ಮುಂಚೆ ಠೇವಣಿ ವಿಮೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಇದ್ದರೆ ತೋರಿಸುತ್ತಾರೆ. ವಿಮೆ ಇರುವ ಬ್ಯಾಂಕಿನಲ್ಲೂ ಮಿತಿ ಒಬ್ಬರಿಗೆ, ಒಂದು ಬ್ಯಾಂಕಿಗೆ, ಬಡ್ಡಿಯೂ ಸೇರಿ 5 ಲಕ್ಷ. ಅದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಲೆಕ್ಕ ಒಂದೇ.

ಎರಡನೆಯದು ದೂರಿನ ದಾರಿ. ಬ್ಯಾಂಕಿಗೆ ಮೊದಲು ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಎನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ನಂಬರ್ ಇದೆ.

ಮೂರನೆಯದು ಸಾಲದ ಪ್ರಶ್ನೆ. ಜಿಲ್ಲಾ ಅಗ್ರಣಿ ಬ್ಯಾಂಕಿನ ಮೂಲಕ ಜಿಲ್ಲಾ ಮಟ್ಟದಲ್ಲಿ, ತಾಲ್ಲೂಕು ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ ಬ್ಯಾಂಕರುಗಳ ಸಭೆ ಆಗಬೇಕು. ಯಾವ ಬ್ಯಾಂಕು ಕೃಷಿಗೆ ಎಷ್ಟು ಕೊಟ್ಟಿತು, ಗುರಿ ಎಷ್ಟಿತ್ತು ಎಂಬುದು ಅಲ್ಲಿ ಬರುತ್ತದೆ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ನಮ್ಮ ತಾಲ್ಲೂಕಿನ ಲೆಕ್ಕ ಏನು ಎಂದು ಗ್ರಾಮ ಪಂಚಾಯಿತಿ ಸದಸ್ಯರ ಮೂಲಕ, ಶಾಸಕರ ಮೂಲಕ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಕೇಳಬಹುದು.

ಗುಲ್ಬರ್ಗಾದ ರೊಕ್ಕದ ಕಾವಲು ಹೈದರಾಬಾದಿನಿಂದ ಮುಂಬಯಿಗೆ, ಮುಂಬಯಿಯಿಂದ ಅರ್ಧ ಬಾಸೆಲ್‌ಗೆ ಹೋದದ್ದು ಯಾರದೋ ಹಟದಿಂದಲ್ಲ. ಪ್ರತಿ ಮೆಟ್ಟಿಲ ಹಿಂದೆಯೂ ಯಾರೋ ಕಳೆದುಕೊಂಡ ರೊಕ್ಕ ಇದೆ. ಪಾಲಾಯಿಯ ಠೇವಣಿದಾರರು, ಹೆರ್‌ಸ್ಟಾಟಿಗೆ ಮಾರ್ಕ್ ಕೊಟ್ಟು ಕೂತವರು, ಬಿಸಿಸಿಐ ನಂಬಿದವರು. ಮೇಲಿನ ಕಾವಲು ಬೇಡ ಎಂದು ಹೇಳಲು ನಮಗೆ ಕಾರಣ ಕಾಣುವುದಿಲ್ಲ. ಆದರೆ ಮೇಲೆ ಕೂತವರಿಗೆ ಕಾಣುವುದು ಬ್ಯಾಂಕಿನ ಒಟ್ಟು ಲೆಕ್ಕ. ನಿಮ್ಮ ಪಹಣಿ, ನಿಮ್ಮ ಅರ್ಜಿ, ಅದರ ಮೇಲೆ ಬಿದ್ದ ಷರಾ ಅವರಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದವರು ಶಾಖೆಯಲ್ಲಿದ್ದಾರೆ, ತಾಲ್ಲೂಕಿನ ಸಭೆಯಲ್ಲಿದ್ದಾರೆ. ಅಲ್ಲಿ ಕೇಳುವ ಕೆಲಸವನ್ನು ಬಾಸೆಲ್ ಮಾಡಿಕೊಡುವುದಿಲ್ಲ, ಅದನ್ನು ನಾವೇ ಮಾಡಬೇಕು.